ಅತ್ತೆಯ ತಟ್ಟೆಗೆ ಸ್ಲಾಪಿ ಜೋ

ಸಾವಿರ ಮಂದಿ ಸಿಪಾಯಿಗಳ ಹೊಟ್ಟೆ ತುಂಬಿಸುತ್ತಿದ್ದ ಲಿಗೋರಿಗೆ ಒಬ್ಬ ಮುದುಕಿಯ ಹೊಟ್ಟೆ ತುಂಬಿಸಲು ಆಗುತ್ತಿರಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗೋಣ ಎಂದರೆ ಅದೂ ಕಷ್ಟ, ಏಕೆಂದರೆ ಆ ಮುದುಕಿ ಅವನ ಹೆಂಡತಿಯ ತಾಯಿ.

ಕುವೈತಿನ ಮರುಭೂಮಿಯ ನಡುವೆ ಅಮೆರಿಕನ್ ಸೈನ್ಯದ ಒಂದು ಕ್ಯಾಂಪು. ಇರಾಕಿಗೆ ಹೋಗುವವರು, ಅಲ್ಲಿಂದ ಬರುವವರು ಎಲ್ಲರೂ ಅಲ್ಲಿ ತಂಗಿ ಮುಂದೆ ಸಾಗುತ್ತಿದ್ದ ಕಾಲ ಅದು. ಆ ಕ್ಯಾಂಪಿನ ಮೆಸ್ಸಿನಲ್ಲಿ ಲಿಗೋರಿ ಕುಕ್. ಬೆಳಕು ಹರಿಯುವ ಮೊದಲೇ ಕಂಪೆನಿಯ ಬಸ್ಸು ಹತ್ತಿದರೆ ಮೈದಾನ್ ಹವಲ್ಲಿ ಬಡಾವಣೆಯ ಮನೆಗೆ ತಿರುಗಿ ಬರುವಾಗ ಸಂಜೆ. ಅಲ್ಲಿ ಅವನು ಒಲೆಗೇರಿಸುವ ಪಾತ್ರೆಯೊಳಗೆ ಒಬ್ಬ ಆಳು ಆರಾಮವಾಗಿ ಕೂತು ಸ್ನಾನ ಮಾಡಬಹುದು. ಸೌಟು ಹೆಸರಿಗೆ ಮಾತ್ರ ಸೌಟು, ನೋಡಲು ದೋಣಿಯ ಹುಟ್ಟು. ಬೇಯಿಸಿ ಬಡಿಸಿದ ಮೇಲೆ, ಉಂಡ ಟ್ರೇಗಳು ತಿರುಗಿ ಬರುವ ಕಿಂಡಿಯ ಹತ್ತಿರ ನಿಂತು ಯಾರು ಏನು ಬಿಟ್ಟಿದ್ದಾರೆ ಎಂದು ನೋಡುವುದೂ ಅವನ ಕೆಲಸ. ಬೀನ್ಸ್ ಹಾಗೇ ಉಳಿದಿದ್ದರೆ ಮರುದಿನ ಬೀನ್ಸ್ ಕಡಿಮೆ. ಲಿಗೋರಿ ನಿಂತ ಸಾಲಿನ ಟ್ರೇಗಳು ಹೆಚ್ಚಾಗಿ ಖಾಲಿಯೇ ಬರುತ್ತಿದ್ದವು, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಇಷ್ಟು ದೊಡ್ಡ ಕೈ ತನ್ನ ಮನೆಯಲ್ಲಿ ಮಾತ್ರ ಸೋತು ಕೂತಿತ್ತು. ಅತ್ತೆ ಕ್ಯಾಥರಿನ್ ಕರಾವಳಿಯ ಶಿರ್ವದಿಂದ ವಿಸಿಟ್ ವೀಸಾದಲ್ಲಿ ಬಂದು ಒಂದು ತಿಂಗಳು ದಾಟಿತ್ತು. ಬಂದ ದಿನದಿಂದ ಇವತ್ತಿನವರೆಗೆ ಅವರು ಅಳಿಯನ ಕೈಯಡಿಗೆಯನ್ನು ಒಂದು ದಿನವೂ ತೃಪ್ತಿಯಿಂದ ಉಂಡವರಲ್ಲ. ವೀಸಾ ಮುಗಿದು ವಿಮಾನ ಹತ್ತುವ ಮೊದಲು ಒಂದೇ ಒಂದು ಸಲ ಅವರು ತಟ್ಟೆ ತುಂಬ ಹಾಕಿಸಿಕೊಂಡು, ಎಲ್ಲ ಮುಗಿಸಿ, ಇನ್ನೂ ಸ್ವಲ್ಪ ಹಾಕು ಎನ್ನಬೇಕು. ಲಿಗೋರಿಗೆ ಬೇಕಾದದ್ದು ಅಷ್ಟೇ. ಅಷ್ಟು ಆಗದಿದ್ದರೆ ಜೀವಮಾನವಿಡೀ ಒಂದು ಮುಳ್ಳು ಒಳಗೇ ಉಳಿದುಬಿಡುತ್ತದೆ ಎಂದು ಅವನಿಗೆ ಅನಿಸುತ್ತಿತ್ತು.

ಮುಳ್ಳಿಗೆ ಕಾರಣವೂ ಇತ್ತು. ಅವನ ಹೆಂಡತಿ ಸಿಸಿಲಿಯಾ ಆಸ್ಪತ್ರೆಯಲ್ಲಿ ನರ್ಸ್. ಕುವೈತಿಗೆ ಮೊದಲು ಬಂದವಳು ಅವಳು, ಮದುವೆಯಾದ ಮೇಲೆ ಅವರಿವರ ಬಾಗಿಲು ತಟ್ಟಿ ಗಂಡನಿಗೆ ವೀಸಾ ಮಾಡಿಸಿ ಕರೆಸಿಕೊಂಡವಳೂ ಅವಳೇ. ಊರಿನಲ್ಲಿ ಇಂಥ ಗಂಡಸರಿಗೆ ಒಂದು ಹೆಸರುಂಟು, ನರ್ಸಿನ ಗಂಡ. ಲಿಗೋರಿ ಈ ಮಾತಿಗೆ ನಗುತ್ತಿದ್ದ. ಆದರೆ ನಗುವವರೆಲ್ಲ ಅದನ್ನು ಮರೆತಿರುತ್ತಾರೆ ಎಂದೇನೂ ಇಲ್ಲವಲ್ಲ.

ಕ್ಯಾಥರಿನ್ ಹಳೇ ಕಾಲದ ಹೆಂಗಸು. ಅವರ ಮನೆಗೆ ಅಳಿಯ ಹೋದರೆ ಕೋಳಿ ಕೊಯ್ಯದೆ ಆ ದಿನ ಕಳೆಯುವುದಿಲ್ಲ. ಅಳಿಯ ಉಂಡು ಕೈ ತೊಳೆಯುವವರೆಗೆ ಅತ್ತೆ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿರಬೇಕು, ಅವನೊಡನೆ ನೇರವಾಗಿ ಮಾತಾಡಬಾರದು, ಬೇಕಾದ್ದನ್ನು ಮಗಳ ಮೂಲಕವೋ ಮೊಮ್ಮಗಳ ಮೂಲಕವೋ ಹೇಳಿಸಬೇಕು. ಅಂಥವರಿಗೆ ಇಲ್ಲಿ ಎಲ್ಲ ತಿರುಗುಮುರುಗು. ಸಿಸಿಲಿಯಾಳಿಗೆ ನೈಟ್ ಡ್ಯೂಟಿ, ಹಗಲಿಡೀ ನಿದ್ದೆ. ಆದ್ದರಿಂದ ಒಲೆ, ಸೌಟು, ಮೀನು, ಮಸಾಲೆ ಎಲ್ಲ ಅಳಿಯನದು. ಅವನು ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಅತ್ತೆಯ ತಟ್ಟೆಗೆ ಬಡಿಸುತ್ತಾನೆ, ಅತ್ತೆ ಕುರ್ಚಿಯಲ್ಲಿ ಮುದುಡಿಕೊಂಡು ಕೂತಿರುತ್ತಾರೆ. ನಾಲ್ಕು ತುತ್ತು ಆದ ಕೂಡಲೇ ಅದೇ ಮಾತು, ಒಂಬತ್ತು ವರ್ಷದ ಪ್ರೀಮಾಳ ಕಡೆ ತಿರುಗಿ.

"ಪ್ರೀಮಾ, ಡ್ಯಾಡಿಗೆ ಹೇಳು, ನನಗೆ ಗಂಜಿ ಸಾಕು ಅಂತ."

ಗಂಜಿ! ಊರಿನಿಂದ ಬಂದ ಅತ್ತೆಗೆ, ಅದೂ ಅಡಿಗೆಯವನ ಮನೆಯಲ್ಲಿ, ಕಾಯಿಲೆಯವರಿಗೆ ಕೊಟ್ಟಂತೆ ಗಂಜಿ ಉಪ್ಪಿನಕಾಯಿ. ಲಿಗೋರಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಗುತ್ತಿತ್ತು. ಅವನೇನು ಸುಮ್ಮನೆ ಕೂತವನಲ್ಲ. ಹಂದಿ ಈ ದೇಶದಲ್ಲಿ ಸಿಗುವುದಿಲ್ಲ, ಸರಿ. ಆದರೆ ಆಡಿನ ಮಾಂಸ ಹಾಕಿ ಸುಕ್ಕ ಮಾಡಿದ, ಕೋಳಿ ರೋಸ್ಟ್ ಮಾಡಿದ, ಪಾಂಪ್ಲೆಟ್ ಮೀನಿಗೆ ರವೆ ಸವರಿ ಗರಿಗರಿಯಾಗಿ ಹುರಿದ, ಬೇಕರಿಯಿಂದ ಬಿಸಿಬಿಸಿ ಕುಬ್ಬೂಸ್ ರೊಟ್ಟಿ ತಂದ. ಮಾಂಸದ ತುಂಡು ತಟ್ಟೆಯಲ್ಲಿ ಒಂದು ಸುತ್ತು ಉರುಳಿ ಬದಿಗೆ ಸರಿಯುತ್ತಿತ್ತು. ಮೀನಿನ ರವೆಯ ಪದರ ಹಾಗೇ ಉಳಿಯುತ್ತಿತ್ತು. ಕುಬ್ಬೂಸಿನ ಅಂಚು ಉಳಿಯುತ್ತಿತ್ತು. ಅಳಿಯನ ಕೈಯಿಂದ ಉಣ್ಣಲು ಅವರಿಗೆ ಮನಸ್ಸಿಲ್ಲ ಎಂದು ಲಿಗೋರಿ ಲೆಕ್ಕ ಹಾಕಿಬಿಟ್ಟ. ಹೆಂಡತಿಯ ಹಿಂದೆ ಬಂದವನು, ಹೆಂಗಸರ ಕೆಲಸ ಮಾಡುವವನು, ಅವನು ಬೇಯಿಸಿದ್ದಕ್ಕೆ ಏನು ಮರ್ಯಾದೆ.

ಸಿಸಿಲಿಯಾಳಿಗೆ ಹೇಳಿದರೆ ಅವಳು ಅಮ್ಮನಿಗೆ ಊರಿನ ನೆನಪಾಗಿರಬೇಕು ಎಂದು ಆಕಳಿಸಿದಳು. ಅವಳಿಗೆ ಆಗ ಇಡೀ ಪ್ರಪಂಚದಲ್ಲಿ ಬೇಕಾದದ್ದು ನಿದ್ದೆಯೊಂದೇ.

ಕೊನೆಗೆ ಅವನು ಬಾಯಿ ಬಿಟ್ಟದ್ದು ಇದಿನಬ್ಬನ ಹತ್ತಿರ. ಇದಿನಬ್ಬ ಅದೇ ಮೆಸ್ಸಿನ ಬೇಕರಿಯವನು, ಉಳ್ಳಾಲದ ಬ್ಯಾರಿ, ಬಸ್ಸಿನಲ್ಲಿ ಯಾವಾಗಲೂ ಲಿಗೋರಿಯ ಪಕ್ಕದ ಸೀಟು. ತನಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ ಅವನಿಗೆ. ಸಂಜೆಯ ಬಸ್ಸಿನಲ್ಲಿ ಕಥೆಯನ್ನೆಲ್ಲ ಕೇಳಿದವನು ಕಿಟಕಿಯಾಚೆಯ ಮರಳಿನಿಂದ ಕಣ್ಣು ತೆಗೆದು ಲಿಗೋರಿಯ ಕಡೆ ತಿರುಗಿದ.

"ನೀನು ಅವರಿಗೆ ಅವರದ್ದೇ ಅಡಿಗೆ ಮಾಡಿ ಹಾಕುದು ಮಾರಾಯ. ಜೀವಮಾನ ಇಡೀ ಕೋಳಿ ರೋಸ್ಟ್ ಮಾಡಿದವರಿಗೆ ನಿನ್ನ ಕೋಳಿಯಲ್ಲಿ ತಪ್ಪು ಕಾಣದೆ ಇರ್ತದಾ? ಅವರು ಹುಟ್ಟಿದ ಮೇಲೆ ನೋಡದ್ದು ಏನಾದ್ರೂ ಮಾಡು. ತಪ್ಪು ಹಿಡಿಯಲಿಕ್ಕೆ ಮೊದಲು ಅದು ಎಂತ ಅಂತ ಗೊತ್ತಾಗ್ಬೇಕಲ್ಲ."

ಲಿಗೋರಿಗೆ ಇದು ಹೌದೆನಿಸಿತು. ಅವತ್ತು ಸೋಮವಾರ, ಮೆಸ್ಸಿನಲ್ಲಿ ಮಧ್ಯಾಹ್ನಕ್ಕೆ ಮಾಡಿದ್ದು ಸ್ಲಾಪಿ ಜೋ. ಖೀಮಾವನ್ನು ಟೊಮೆಟೊ ಹಾಕಿ ಹುಳಿಸಿಹಿಯಾಗಿ ಬೇಯಿಸಿ, ದುಂಡಗಿನ ಬನ್ನಿನ ನಡುವೆ ಸುರಿದು ಕೊಡುವ ತಿಂಡಿ. ಎರಡು ಕೈಯಲ್ಲಿ ಹಿಡಿದರೂ ನಾಲ್ಕು ಕಡೆಯಿಂದ ಸೋರುತ್ತದೆ. ದೊಡ್ಡ ದೊಡ್ಡ ಬೂಟಿನ ಗಂಡಸರು ಅದನ್ನು ಮಕ್ಕಳಂತೆ ಗಲ್ಲಕ್ಕೆಲ್ಲ ಮೆತ್ತಿಕೊಂಡು ತಿಂದು ಮತ್ತೊಂದಕ್ಕೆ ಸಾಲಿನಲ್ಲಿ ಬಂದು ನಿಲ್ಲುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಶಿರ್ವದಲ್ಲಿ ಇದನ್ನು ಕಂಡವರು ಯಾರೂ ಇರಲಿಕ್ಕಿಲ್ಲ. ಖಲಾಸ್, ಇವತ್ತು ರಾತ್ರಿಯ ಊಟಕ್ಕೆ ಅದೇ, ಎಂದು ನಿರ್ಧಾರ ಮಾಡಿದ.

ಬಸ್ಸಿನಿಂದ ಇಳಿದವನು ನೇರ ಜಮಿಯಾಕ್ಕೆ ಹೋದ. ಜಮಿಯಾ ಎಂದರೆ ಪ್ರತಿ ಬಡಾವಣೆಯಲ್ಲೂ ಇರುವ ಸಹಕಾರಿ ಸಂಘದ ಅಂಗಡಿ, ಅಲ್ಲಿ ಸಿಗದ ಸಾಮಾನು ಮನೆಗೆ ಬೇಡದ ಸಾಮಾನು. ಮಾಂಸದ ಕೌಂಟರಿನಲ್ಲಿದ್ದ ಮಿಸ್ರಿ, ಅಂದರೆ ಈಜಿಪ್ಟಿನವನು, ಕಣ್ಣೆದುರೇ ಬೀಫ್ ಖೀಮಾ ಮಾಡಿಕೊಟ್ಟ. ಈರುಳ್ಳಿ, ದೊಣ್ಣೆಮೆಣಸು, ಟೊಮೆಟೊ ಪೇಸ್ಟಿನ ಡಬ್ಬಿ, ಸಾಸಿವೆಯ ಸಾಸ್, ವಿನೆಗರ್, ಕಂದು ಸಕ್ಕರೆ, ಬನ್ನಿನ ಪ್ಯಾಕೆಟುಗಳು. ಹೊರಗೆ ಚಳಿಗಾಲದ ಒಳ್ಳೆಯ ಗಾಳಿ ಬೀಸುತ್ತಿತ್ತು, ಲಿಗೋರಿ ಎರಡು ಕೈಗೂ ಚೀಲ ಹಿಡಿದು ಸಿಳ್ಳೆ ಹಾಕಿಕೊಂಡು ಮನೆಗೆ ನಡೆದ.

ಅಡಿಗೆಮನೆಯಲ್ಲಿ ಮೊದಲ ತೊಡಕು ಎದುರಾಯಿತು. ಅವನಿಗೆ ಸ್ಲಾಪಿ ಜೋ ಮಾಡಲು ಬರುತ್ತಿದ್ದುದು ನೂರರ ಲೆಕ್ಕದಲ್ಲಿ. ಮೆಸ್ಸಿನಲ್ಲಿ ಎಲ್ಲ ಅಡಿಗೆಗೂ ಅಳತೆ ನೂರು ಜನಕ್ಕೆ, ಸಾವಿರ ಬೇಕಾದರೆ ಹತ್ತರಿಂದ ಗುಣಿಸಬೇಕು. ನಾಲ್ಕು ಜನಕ್ಕೆ ಇಳಿಸಿ ಯಾವತ್ತೂ ನೋಡಿದವನಲ್ಲ. ಕೋಳಿ, ಮೀನಿಗೆ ಕೈಯೇ ಅಳತೆ, ಏಕೆಂದರೆ ಅದು ಅಮ್ಮನಿಂದ ಕಲಿತದ್ದು. ಇದು ಅಮೆರಿಕದವರಿಂದ ಕಲಿತದ್ದು, ಇಲ್ಲಿ ಕೈಗೆ ಏನೂ ಗೊತ್ತಿಲ್ಲ. ಹೋಂವರ್ಕ್ ಮಾಡುತ್ತಿದ್ದ ಪ್ರೀಮಾಳನ್ನು ಕರೆದು ಭಾಗಾಕಾರ ಮಾಡಿಸಿದ. ಅವಳು ಪೆನ್ಸಿಲ್ ಕಚ್ಚಿಕೊಂಡು ಲೆಕ್ಕ ಮಾಡಿ, ಇಷ್ಟು ಖೀಮಾ, ಇಷ್ಟು ಈರುಳ್ಳಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟಳು. ಅಷ್ಟನ್ನು ಬಾಣಲೆಗೆ ಹಾಕಿ ನೋಡಿದರೆ ಲಿಗೋರಿಗೆ ಅಳುವೇ ಬಂತು. ಯಾರೋ ಉಂಡು ಉಳಿಸಿದ್ದನ್ನು ಬಿಸಿ ಮಾಡಿದ ಹಾಗಿತ್ತು. ಇಷ್ಟರಲ್ಲಿ ಬೆಕ್ಕಿಗೂ ಸಾಕಾಗದು ಎಂದು ಇನ್ನಷ್ಟು ಖೀಮಾ ಸುರಿದ. ಖೀಮಾ ಜಾಸ್ತಿಯಾದ ಮೇಲೆ ಈರುಳ್ಳಿ ಸಾಲಲಿಲ್ಲ. ಅದನ್ನೂ ಹಾಕಿದಾಗ ಬಾಣಲೆ ಸಾಲಲಿಲ್ಲ. ಕ್ರಿಸ್ಮಸ್ಸಿಗೆ ಮಾತ್ರ ಅಟ್ಟದಿಂದ ಇಳಿಯುವ ದೊಡ್ಡ ಪಾತ್ರೆ ಇಳಿಯಿತು. ಪ್ರೀಮಾ ತನ್ನ ಲೆಕ್ಕಕ್ಕೆ ಬೆಲೆಯಿಲ್ಲದ್ದನ್ನು ನೋಡಿ ಮೂತಿ ಉಬ್ಬಿಸಿಕೊಂಡು ಹೋದಳು.

ಆಮೇಲೆ ಕೈ ಸಲೀಸಾಯಿತು. ಖೀಮಾ ಗಂಟು ಕಟ್ಟದಂತೆ ಚಪ್ಪಟೆ ಸೌಟಿನಿಂದ ಒಡೆದು ಒಡೆದು ಹುರಿದ. ಬಿಟ್ಟ ಕೊಬ್ಬನ್ನು ಬಸಿದ. ಸಣ್ಣಗೆ ಕೊಚ್ಚಿದ ಈರುಳ್ಳಿ, ದೊಣ್ಣೆಮೆಣಸು ಬಿದ್ದು ಮೆತ್ತಗಾದ ಮೇಲೆ ಟೊಮೆಟೊ ಪೇಸ್ಟು, ವಿನೆಗರು, ಸಕ್ಕರೆ, ಸಾಸಿವೆಯ ಸಾಸು, ಸ್ವಲ್ಪ ನೀರು. ಉರಿ ಸಣ್ಣ ಮಾಡಿ ಕುದಿಯಲು ಬಿಟ್ಟ. ಕೊತಕೊತ ಸದ್ದಿನೊಡನೆ ಹುಳಿಸಿಹಿ ಪರಿಮಳ ಎದ್ದು ಮನೆಯೆಲ್ಲ ಹರಡಿತು.

ಪರಿಮಳಕ್ಕೆ ಎಚ್ಚರಾದ ಸಿಸಿಲಿಯಾ ಕೆದರಿದ ತಲೆಯಲ್ಲೇ ಬಂದು ಪಾತ್ರೆಯೊಳಗೆ ಇಣುಕಿದಳು. ಬಾಫತ್ ಪುಡಿ ಹಾಕಿಲ್ಲವೇ ಎಂದು ಕೇಳಿದಳು. ಮೆಣಸು, ಕೊತ್ತಂಬರಿ, ಜೀರಿಗೆ ಎಲ್ಲ ಸೇರಿದ ಆ ಕೆಂಪು ಪುಡಿ ಬೀಳದೆ ಅವರ ಕಡೆಯ ಮಾಂಸ ಮಾಂಸವಾಗುವುದಿಲ್ಲ. ಲಿಗೋರಿ ಹಾಕುವುದಿಲ್ಲ ಎಂದ. ಒಂದೇ ಚಮಚ, ಎಂದಳು ಅವಳು. ಅರ್ಧ ಚಮಚವೂ ಇಲ್ಲ, ಎಂದ ಅವನು. ಬಾಫತ್ ಬಿದ್ದ ಕೂಡಲೇ ಅದು ಅತ್ತೆಗೆ ಗೊತ್ತಿರುವ ಅಡಿಗೆಯಾಗಿಬಿಡುತ್ತದೆ, ಆಮೇಲೆ ತಪ್ಪು ಹುಡುಕುವುದು ಎಷ್ಟು ಹೊತ್ತಿನ ಕೆಲಸ. ಸಿಸಿಲಿಯಾ ಭುಜ ಕುಣಿಸಿ ಸುಮ್ಮನಾದಳು. ಆದರೆ ಹಸಿ ಬನ್ನನ್ನು ಅಮ್ಮನ ಮುಂದೆ ಇಡಲು ಅವಳ ಮನಸ್ಸು ಒಪ್ಪಲಿಲ್ಲ. ಮೆಸ್ಸಿನಲ್ಲಿ ಬನ್ ಹಾಗೇ ಕೊಡುವುದು ಎಂದು ಅವನು ಹೇಳಿದ್ದನ್ನು ಕೇಳಿಸಿಕೊಳ್ಳದೆ, ಕಾವಲಿಗೆ ಬೆಣ್ಣೆ ಸವರಿ ನಾಲ್ಕಾರು ಬನ್ನುಗಳನ್ನು ಕಂದು ಬಣ್ಣ ಬರುವವರೆಗೆ ಗರಿಗರಿಯಾಗಿ ಕಾಯಿಸಿಟ್ಟಳು. ಅಷ್ಟರಲ್ಲಿ ಬೆಣ್ಣೆ ಮುಗಿಯಿತು.

ಏಳೂವರೆಗೆಲ್ಲ ನಾಲ್ವರೂ ಮೇಜಿನ ಸುತ್ತ ಕೂತರು. ಒಂಬತ್ತಕ್ಕೆ ಸಿಸಿಲಿಯಾಳನ್ನು ಆಸ್ಪತ್ರೆಯ ವ್ಯಾನು ಬಂದು ಕರೆದೊಯ್ಯುತ್ತದೆ, ವಾರದ ದಿನಗಳಲ್ಲಿ ಮನೆಯವರೆಲ್ಲ ಒಟ್ಟಿಗೆ ಮುಖ ನೋಡುವುದು ಇದೊಂದೇ ಹೊತ್ತು. ಅತ್ತೆಯ ಬಿಳಿ ಕೂದಲು ಒಪ್ಪವಾಗಿ ತುರುಬು ಕಟ್ಟಿತ್ತು. ಸೀರೆಯ ಸೆರಗು ಹೊದ್ದು, ಎಂದಿನಂತೆ ತುಟಿ ಬಿಗಿದುಕೊಂಡು ಕೂತಿದ್ದರು. ಇದರ ಹೆಸರೇನು ಎಂದು ಮೊಮ್ಮಗಳನ್ನು ಕೇಳಿದರು. ಸ್ಲಾಪಿ ಜೋ ಎಂದಾಗ, ಯಾವ ಜೋ, ಬೆಳ್ಮಣ್ಣಿನ ನಮ್ಮ ಜೋಸೆಫನಂತೂ ಆಗಿರಲಾರ, ಅವನಿಗೆ ನೀರು ಕಾಯಿಸಲೂ ಬರುವುದಿಲ್ಲ ಎಂದರು. ಪ್ರೀಮಾ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಲಿಗೋರಿ ನಗಲಿಲ್ಲ. ಅವನ ಕಣ್ಣೆಲ್ಲ ಅತ್ತೆಯ ತಟ್ಟೆಯ ಮೇಲೆ.

ಮೊದಲು ಬಡಿಸಿದ್ದು ಸಿಸಿಲಿಯಾ ಕಾಯಿಸಿದ ಬನ್ನಿನಲ್ಲಿ. ಅತ್ತೆ ಅದನ್ನು ಎತ್ತಿ ಒಂದು ಅಂಚು ಕಚ್ಚಿದರು, ಇಳಿಸಿದರು. ಲಿಗೋರಿಯ ಎದೆಯೂ ಅದರ ಜೊತೆಗೇ ಇಳಿಯಿತು. ಆಮೇಲೆ ಅವರು ಮೇಲಿನ ಬನ್ನನ್ನು ಬದಿಗಿಟ್ಟು, ಚಮಚ ತೆಗೆದುಕೊಂಡು, ಖೀಮಾವನ್ನು ಒಂದಿಷ್ಟು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಮಚ. ಮತ್ತೊಂದು. ರಸ ಹೀರಿ ಮೆತ್ತಗಾಗಿದ್ದ ಬನ್ನಿನ ಒಳಭಾಗವನ್ನು ಚಮಚದಿಂದಲೇ ಕೆರೆದು ತಿಂದರು. ನೋಡನೋಡುತ್ತಿದ್ದಂತೆ ತಟ್ಟೆಯ ನಡುಭಾಗ ಖಾಲಿ.

"ಪ್ರೀಮಾ, ಡ್ಯಾಡಿ ಹತ್ರ ಕೇಳು, ಇನ್ನು ಉಂಟಾ ಅಂತ."

ಉಂಟೇ! ಇಪ್ಪತ್ತು ಜನಕ್ಕೆ ಆಗುವಷ್ಟು ಉಂಟು. ಲಿಗೋರಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಾಯಿಸಿದ ಬನ್ನು ಮುಗಿದಿದ್ದರಿಂದ ಪ್ಯಾಕೆಟಿನ ಮೆತ್ತಗಿನ ಬನ್ನಿಗೇ ಖೀಮಾ ಸುರಿದು ತಂದಿಟ್ಟ. ಅದು ಪೂರ್ತಿ ಹೋಯಿತು, ಬನ್ನು ಸಮೇತ. ಮತ್ತೊಂದು ತಂದ. ಅದೂ ಹೋಯಿತು. ಅತ್ತೆಯ ಗಲ್ಲದ ಮೇಲೆ ಒಂದು ಹನಿ ಕೆಂಪು ಸಾಸು ಇಳಿದಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಸಿಸಿಲಿಯಾ ತನ್ನ ಬನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಅಮ್ಮನನ್ನು ಬೆರಗಿನಿಂದ ನೋಡುತ್ತಿದ್ದಳು. ಲಿಗೋರಿಗಂತೂ ಆ ಕ್ಷಣದಲ್ಲಿ ಕ್ಯಾಂಪಿನ ಇಡೀ ಸೈನ್ಯ ಬಂದು ಸೆಲ್ಯೂಟ್ ಹೊಡೆದರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

ಖುಷಿ ಜಾಸ್ತಿಯಾದರೆ ಮನುಷ್ಯನಿಗೆ ನಾಲಗೆಯ ಮೇಲೆ ಹಿಡಿತ ಇರುವುದಿಲ್ಲ. ನಾಳೆ ಆಡಿನ ಚಾಪ್ಸ್ ಮಾಡುತ್ತೇನೆ, ಎಲುಬಿನ ಸಮೇತ, ಎಂದು ಲಿಗೋರಿ ಘೋಷಿಸಿಬಿಟ್ಟ. ಕ್ಯಾಥರಿನ್ ಚಮಚ ಕೆಳಗಿಟ್ಟರು. ಇಷ್ಟು ಹೊತ್ತು ಅರಳಿದ್ದ ಮುಖ ಸಪ್ಪಗಾಯಿತು. ಬೇಡ, ನಾಳೆ ಗಂಜಿ ಸಾಕು ಎಂದು ಪ್ರೀಮಾಳಿಗೆ ಮೆಲ್ಲನೆ ಹೇಳಿದರು.

ಲಿಗೋರಿ ಎದ್ದ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡಿಗೆಮನೆಗೆ ನಡೆದ. ಅವನಿಗೆ ಈ ಸಲ ನಿಜವಾಗಿ ಸಿಟ್ಟು ಬಂದಿತ್ತು. ಹೊಟ್ಟೆ ತುಂಬ ತಿಂದ ಮೇಲೂ ಗಂಜಿ ಎನ್ನುವವರಿಗೆ ಏನು ಮಾಡಿ ಹಾಕಬೇಕು. ಸಿಂಕಿನ ಮುಂದೆ ನಿಂತು ಎಂಜಲನ್ನು ಕಸದ ಚೀಲಕ್ಕೆ ದೂಡಲು ಹೊರಟವನು ಅಲ್ಲೇ ಕೈ ತಡೆದ. ಟ್ರೇಗಳ ಕಿಂಡಿಯ ಹತ್ತಿರ ನಿಂತು ನಿಂತು ಬಂದ ಅಭ್ಯಾಸ, ಸಿಟ್ಟಿನಲ್ಲೂ ಬಿಡಲಿಲ್ಲ. ಅತ್ತೆಯ ತಟ್ಟೆಯಲ್ಲಿ ಉಳಿದದ್ದು ಏನು? ಸಿಸಿಲಿಯಾ ಗರಿಗರಿಯಾಗಿ ಕಾಯಿಸಿದ ಬನ್ನಿನ ಸಿಪ್ಪೆ. ಅದರ ಅಂಚಿನಲ್ಲಿ ಹಲ್ಲಿನ ಒಂದು ಗುರುತು, ಒಳಗೆ ಇಳಿಯದೆ ಮೇಲೆಯೇ ನಿಂತದ್ದು. ಕಚ್ಚಲು ಹೋಗಿ ಬಿಟ್ಟ ಗುರುತು. ಬದಿಯಲ್ಲಿ ಸರಿಯಾಗಿ ಬೇಯದ ದೊಣ್ಣೆಮೆಣಸಿನ ನಾಲ್ಕು ಚೂರು. ಮೆತ್ತಗಿದ್ದದ್ದು ಒಂದು ಚೂರೂ ಇರಲಿಲ್ಲ.

ಅವನ ಕಣ್ಣ ಮುಂದೆ ಈ ಒಂದು ತಿಂಗಳ ತಟ್ಟೆಗಳೆಲ್ಲ ಬಂದು ನಿಂತವು. ಮೀನಿನ ರವೆಯ ಪದರ, ಕುಬ್ಬೂಸಿನ ಅಂಚು, ಉರುಳಿಸಿ ಬಿಟ್ಟ ಮಾಂಸದ ತುಂಡುಗಳು, ರಸ ಮಾತ್ರ ನೆಕ್ಕಿ ಬಿಟ್ಟ ಉಪ್ಪಿನಕಾಯಿಯ ಮಾವಿನ ಮಿಡಿ. ಸಾವಿರ ಅಪರಿಚಿತರ ಟ್ರೇಗಳನ್ನು ಓದಬಲ್ಲವನು ಮನೆಯ ಒಂದು ತಟ್ಟೆಯನ್ನು ಮಾತ್ರ ತನ್ನ ಮಾರ್ಕ್ಸ್ ಕಾರ್ಡು ಎಂದುಕೊಂಡು ನೋಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ತಟ್ಟೆಯನ್ನು ಹಿಡಿದುಕೊಂಡೇ ಹೊರಗೆ ಬಂದ. ಆದರೆ ಅತ್ತೆಯ ಬಾಯಿಯ ವಿಷಯವನ್ನು ಅಳಿಯ ಹೇಗೆ ಕೇಳುವುದು? ತಟ್ಟೆಯನ್ನು ಅವರಿಗೆ ಕಾಣುವಂತೆ ಹಿಡಿದ. ಅತ್ತೆಯನ್ನು ತಮ್ಮ ಭಾಷೆಯಲ್ಲಿ ಮಾಂಯ್ ಎಂದು ಕರೆದು ಕೇಳಿಯೇಬಿಟ್ಟ.

"ಮಾಂಯ್, ನಿಮಗೆ ಅಗಿಯಲಿಕ್ಕೆ ಆಗುದಿಲ್ಲ ಅಲ್ವಾ?"

ಉತ್ತರ ಬಂದದ್ದು ಪ್ರೀಮಾಳಿಂದ.

"ನಾನು ಹೇಳಲಿಲ್ಲ ಗ್ರ್ಯಾನಿ. ಪ್ರಾಮಿಸ್, ಐ ಡಿಡಂಟ್ ಟೆಲ್ ಎನಿವನ್."

ಸಿಸಿಲಿಯಾ ಒಂದು ಸಲ ಮಗಳ ಮುಖ, ಒಂದು ಸಲ ಅಮ್ಮನ ಮುಖ ನೋಡಿದಳು. ಮರುಕ್ಷಣ ಅವಳು ಮಗಳಲ್ಲ, ನರ್ಸ್. ಎದ್ದು ಹೋಗಿ, ಬೇಡ ಬೇಡ ಎಂದು ಕ್ಯಾಥರಿನ್ ಮುಖ ತಿರುಗಿಸುತ್ತಿದ್ದರೂ ಕೇಳದೆ, ತುಟಿಯನ್ನು ಹೆಬ್ಬೆರಳಿನಿಂದ ಸರಿಸಿ ನೋಡಿದಳು. ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತಿ ಒತ್ತಿ ಕೆಳಗಿನ ವಸಡು ಕೆಂಪಗೆ ಹುಣ್ಣಾಗಿತ್ತು. 'ಎಂಥದಮ್ಮ ಇದು' ಎಂದಳು. ದಿನಾ ಹತ್ತಾರು ಬಾಯಿಗಳಿಗೆ ಥರ್ಮಾಮೀಟರು ಇಡುವವಳು ತನ್ನ ತಾಯಿಯ ಬಾಯಿ ನೋಡಿರಲಿಲ್ಲ.

ಆ ಹಲ್ಲನ್ನು ಕಟ್ಟಿಸಿಕೊಟ್ಟದ್ದು ಬೇರಾರೂ ಅಲ್ಲ, ಲಿಗೋರಿಯೇ. ಹಿಂದಿನ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಅತ್ತೆ ಬರಿ ವಸಡಿನಲ್ಲಿ ಉಣ್ಣುವುದನ್ನು ಕಂಡು, ಹಟ ಹಿಡಿದು, ರಿಕ್ಷಾದಲ್ಲಿ ಕೂರಿಸಿಕೊಂಡು ಪೇಟೆಯ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಹೊಸ ಹಲ್ಲು ಬಂದ ದಿನ ಅತ್ತೆ ಕನ್ನಡಿ ನೋಡಿ ನಾಚಿಕೊಂಡದ್ದು ಅವನಿಗೆ ಇನ್ನೂ ಚೆನ್ನಾಗಿ ನೆನಪಿತ್ತು. ಅದಾದ ಎರಡೇ ದಿನಕ್ಕೆ ಅವನು ಕುವೈತಿಗೆ ತಿರುಗಿ ಬಂದಿದ್ದ.

ಕ್ಯಾಥರಿನ್ ಸೆರಗಿನಿಂದ ಬಾಯಿ ಒರೆಸಿಕೊಂಡರು. ಪ್ರೀಮಾಳ ಕಡೆ ತಿರುಗಲಿಲ್ಲ. ಮೊದಲ ಸಲ ಅಳಿಯನ ಮುಖವನ್ನೇ ನೋಡಿ, ಮಗನನ್ನು ಕರೆಯುವ ಹಾಗೆ ಪುತಾ ಎಂದು ಕರೆದು ಮಾತಾಡಿದರು.

"ಹಲ್ಲು ಒಳ್ಳೇದೇ ಉಂಟು ಪುತಾ. ನನ್ನ ವಸಡೇ ಸರಿ ಇಲ್ಲ."

ನೋವಾಗುತ್ತದೆ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಲಿಗೋರಿ ಕೇಳಿದ.

"ಹೇಗೆ ಹೇಳುದು? ನಾನು ನಿನ್ನ ಹೆತ್ತಮ್ಮನೋ, ನೀನು ಹಲ್ಲು ಮಾಡಿಸಿ ಕೊಡಲಿಕ್ಕೆ? ಆದ್ರೂ ಮಾಡಿಸಿದೆ. ಇಗರ್ಜಿಯಲ್ಲಿ ಎಲ್ಲರಿಗೂ ತೋರಿಸಿ ಆಗಿದೆ, ನನ್ನ ಅಳಿಯ ಕಟ್ಟಿಸಿದ್ದು ಅಂತ. ಈಗ ನೋಯ್ತದೆ ಅಂದ್ರೆ ನಿನ್ನ ಮನಸ್ಸಿಗೆ ಎಂತ ಆಗ್ಲಿಕ್ಕಿಲ್ಲ?" ಅವರು ಅಳಿಯನ ಕೈಯಲ್ಲಿದ್ದ ತಟ್ಟೆಯ ಕಡೆ ನೋಡಿದರು. "ನಿನ್ನ ಅಡಿಗೆ ಬೇಡ ಅಂತ ಅಲ್ಲ ಪುತಾ. ದಿನಾ ಸಂಜೆ ಆ ಪರಿಮಳಕ್ಕೆ ಎಂಜಲು ನುಂಗಿಕೊಂಡು ಕೂತದ್ದು ನಾನು."

ಉಳಿದದ್ದನ್ನು ಪ್ರೀಮಾ ಹೇಳಿದಳು, ಗುಟ್ಟು ಹೇಗೂ ಒಡೆದಾಯಿತಲ್ಲ ಎಂಬ ಧೈರ್ಯದಲ್ಲಿ. ಹಗಲೆಲ್ಲ ಗ್ರ್ಯಾನಿ ಹಲ್ಲು ತೆಗೆದಿಟ್ಟೇ ಇರುತ್ತಾರೆ. ಮಮ್ಮಿ ಮಲಗಿರುತ್ತಾಳೆ, ಅವಳಿಗೆ ಗೊತ್ತಾಗುವುದಿಲ್ಲ. ಸಂಜೆ ಡ್ಯಾಡಿ ಬರುವ ಹೊತ್ತಿಗೆ ಗ್ರ್ಯಾನಿ ಬಾಗಿಲ ಹತ್ತಿರ ಸ್ಟೂಲಿನಲ್ಲಿ ಕೂತು ಕಾಯುತ್ತಾರೆ. ಲಿಫ್ಟು ಮೇಲೆ ಬರುವ ಸದ್ದು ಕೇಳಿದ ಕೂಡಲೇ ಬೇಗ ಬೇಗ ಹಲ್ಲು ಹಾಕಿಕೊಳ್ಳುತ್ತಾರೆ. ಕೆಲವು ಸಲ ಬೇರೆ ಮನೆಯವರ ಲಿಫ್ಟು, ಆಗ ಮತ್ತೆ ತೆಗೆಯಬೇಕು. ಒಂದು ಸಲ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು ಎಂದೂ ಅವಳು ಸೇರಿಸಿದಳು.

ಲಿಗೋರಿ ತಟ್ಟೆಯನ್ನು ಅತ್ತೆಯ ಮುಂದೆ ಇಟ್ಟು, ಮೇಜಿಗೆ ಕೈಯೂರಿ ನಿಂತ. ಪ್ರತಿ ಸಂಜೆ ಅದೇ ಲಿಫ್ಟಿನಲ್ಲಿ ಅವನು ಮೇಲೆ ಬರುತ್ತಿದ್ದ. ಇವತ್ತು ಅತ್ತೆ ಯಾವುದಕ್ಕೆ ಮೂಗು ಮುರಿಯುತ್ತಾರೋ ಎಂದು ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖವನ್ನು ಗಟ್ಟಿ ಮಾಡಿಕೊಂಡು ಬರುತ್ತಿದ್ದ. ಆ ಹೊತ್ತಿನಲ್ಲೇ ಬಾಗಿಲಿನ ಈಚೆ ಒಬ್ಬ ಮುದುಕಿ, ಅವನ ಮನಸ್ಸು ನೋಯಬಾರದು ಎಂದು ತನ್ನ ಬಾಯಿ ನೋಯಿಸಿಕೊಳ್ಳುತ್ತಿದ್ದರು. ಅವನ ಕಣ್ಣು ತುಂಬಿ ಬಂತು. ಗಂಡಸು, ನರ್ಸಿನ ಗಂಡ, ಸಾವಿರ ಮಂದಿಯ ಕುಕ್ ಎಂಬುದೊಂದನ್ನೂ ಲೆಕ್ಕಿಸದೆ ಅಲ್ಲೇ ನಿಂತು ಅತ್ತ.

ಸಿಸಿಲಿಯಾ ನಾಳೆಯೇ ತನ್ನ ಆಸ್ಪತ್ರೆಯಲ್ಲಿ ತೋರಿಸುತ್ತೇನೆ, ಮುಲಾಮು ತರುತ್ತೇನೆ, ಸೆಟ್ಟನ್ನು ಉಜ್ಜಿ ಸರಿ ಮಾಡಿಸುತ್ತೇನೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಯಾರೂ ಅವಳ ಮಾತಿಗೆ ಕಿವಿಗೊಡಲಿಲ್ಲ.

ಲಿಗೋರಿ ತೋಳಿನಿಂದ ಮುಖ ಒರೆಸಿಕೊಂಡು ಅತ್ತೆಯ ಪಕ್ಕದ ಕುರ್ಚಿಯನ್ನು ಎಳೆದು ಕೂತ.

"ನಾಳೆಯಿಂದ ಲಿಫ್ಟಿನ ಸದ್ದು ಕೇಳಿದ್ರೆ ಸುಮ್ಮನೆ ಕೂತಿರಿ ಮಾಂಯ್. ನಾನು ಹೊರಗಿನವ ಅಲ್ಲ."

ಕ್ಯಾಥರಿನ್ ಸೆರಗನ್ನು ಅಡ್ಡ ಹಿಡಿದು, ಮುಖ ಆಚೆ ತಿರುಗಿಸಿ, ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟರು. ಈಚೆ ತಿರುಗಿದಾಗ ಕೆನ್ನೆ ಒಳಗೆ ಹೋಗಿ ಮುಖ ಅಂಗೈಯಗಲವಾಗಿತ್ತು. ಸೆರಗನ್ನು ಪೂರ್ತಿ ಇಳಿಸಿ ಅವರು ಅಳಿಯನ ಕಡೆ ನೋಡಿ ನಕ್ಕರು. ಬರಿ ವಸಡಿನ ನಗು, ಆದರೆ ಒಂದು ತಿಂಗಳಲ್ಲಿ ಅವರು ಆ ಮನೆಯಲ್ಲಿ ನೋವಿಲ್ಲದೆ ನಕ್ಕದ್ದು ಅದೇ ಮೊದಲು.

ಆಮೇಲೆ ತಟ್ಟೆಯನ್ನು ತಾವೇ ಅವನ ಕಡೆ ದೂಡಿ, ಇನ್ನೂ ಸ್ವಲ್ಪ ಹಾಕು ಎಂದರು.